ಒಂದು ಚಿಟಿಕೆ ಉಪ್ಪು

ಮೊನ್ನೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಬೇಳೆ ಹದವಾಗಿ ಬೆಂದಿತ್ತು, ಇಂಗಿನ ಒಗ್ಗರಣೆ ಬೀದಿಯವರೆಗೂ ಘಮ್ಮೆನ್ನುತ್ತಿತ್ತು. ಬಾಯಿಗಿಟ್ಟರೆ ಸಪ್ಪೆ! ಉಪ್ಪು ಸರಿಯಾಗಿದ್ದ ದಿನ ಯಾರೂ ಅದರ ಹೆಸರೆತ್ತುವುದಿಲ್ಲ. ಇಲ್ಲದ ದಿನ ಮಾತ್ರ ಮನೆಮಂದಿಯೆಲ್ಲ ತಟ್ಟೆಯಿಂದ ಒಟ್ಟಿಗೆ ತಲೆ ಎತ್ತುತ್ತಾರೆ.

1930ರಲ್ಲಿ ಗಾಂಧೀಜಿ ಹಿಡಿದದ್ದು ಈ ಎಳೆಯನ್ನೇ. ಲಾಹೋರಿನಲ್ಲಿ ಪೂರ್ಣ ಸ್ವರಾಜ್ಯದ ಠರಾವು ಆಗಿತ್ತು. ಮೊದಲು ಯಾವ ಕಾನೂನು ಮುರಿಯೋಣ ಅಂತ ದೊಡ್ಡವರೆಲ್ಲ ಯೋಚಿಸುತ್ತಿದ್ದರೆ ಇವರು ಉಪ್ಪು ಅಂದರು. ಕಾಂಗ್ರೆಸ್ಸಿನವರಲ್ಲೇ ಕೆಲವರಿಗೆ ಇದು ವಿಚಿತ್ರವಾಗಿ ಕಂಡಿತು. ವೈಸರಾಯ್ ಇರ್ವಿನ್ ಅಂತೂ, ಉಪ್ಪಿನ ಚಳವಳಿಯಿಂದ ತನ್ನ ನಿದ್ದೆಯೇನೂ ಕೆಟ್ಟಿಲ್ಲ ಅಂತ ಲಂಡನ್ನಿಗೆ ಬರೆದ. ಪಾಪ, ಅಡುಗೆಮನೆಗೆ ಕಾಲಿಟ್ಟವನಲ್ಲ ಅಂತ ಕಾಣುತ್ತದೆ.

ಆಗ ಮಣ ಉಪ್ಪಿಗೆ 1 ರೂಪಾಯಿ 4 ಆಣೆ ತೆರಿಗೆ. ಮಣಕ್ಕೆ 40 ಸೇರು, ರೂಪಾಯಿಗೆ 16 ಆಣೆ. ಸೇರಿಗೆ ಅರ್ಧ ಆಣೆ ಬಿತ್ತು. ಅಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಜಮೀನ್ದಾರನೂ ಕೂಲಿಯವನೂ ತಿನ್ನುವ ಉಪ್ಪು ಹೆಚ್ಚುಕಮ್ಮಿ ಒಂದೇ. ಬಿಸಿಲಲ್ಲಿ ಬೆವರುವವನಿಗೇ ನಾಲ್ಕು ಹರಳು ಜಾಸ್ತಿ ಬೇಕು. ಸಾಲದ್ದಕ್ಕೆ, ಕಡಲ ದಂಡೆಯಲ್ಲಿ ತಾನಾಗಿ ಕಟ್ಟಿದ ಉಪ್ಪನ್ನು ಕೆರೆದು ಸೆರಗಿಗೆ ಹಾಕಿಕೊಂಡರೂ ಅಪರಾಧ.

ಮಾರ್ಚ್ 12ಕ್ಕೆ ಸಬರಮತಿಯಿಂದ ಹೊರಟ ಸುಮಾರು 80 ಮಂದಿಯಲ್ಲಿ ಕನ್ನಡದವನು ಒಬ್ಬನೇ, ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಇನ್ನೂ 19 ತುಂಬದ ಹುಡುಗ. ಹಾವೇರಿ ಕಡೆಯ ಊರು, ಸಮುದ್ರ ಎಲ್ಲಿ, ಜೋಳದ ಹೊಲ ಎಲ್ಲಿ! ಹೀಗಿದ್ದೂ 24 ದಿನ, 240 ಮೈಲಿ ನಡೆದ. ಏಪ್ರಿಲ್ 6ರ ಬೆಳಿಗ್ಗೆ ದಂಡಿಯಲ್ಲಿ ಗಾಂಧೀಜಿ ಬಗ್ಗಿ ಎತ್ತಿದ ಮುಷ್ಟಿಯಲ್ಲಿ ಉಪ್ಪಿಗಿಂತ ಕೆಸರೇ ಜಾಸ್ತಿ ಇತ್ತಂತೆ. ಪೊಲೀಸರು ಮೊದಲೇ ಬಂದು ಉಪ್ಪನ್ನು ಮಣ್ಣಿಗೆ ಬೆರೆಸಿಬಿಟ್ಟಿದ್ದರು. ಯಾವ ಸಾರಿಗೂ ಹಾಕುವಂತಿರದ ಆ ಉಪ್ಪು ಊರೂರಿಗೆ ರುಚಿ ಹತ್ತಿಸಿತು.

ವಾರ ಕಳೆಯುವುದರೊಳಗೆ, ಏಪ್ರಿಲ್ 13ಕ್ಕೆ, ನಮ್ಮ ಅಂಕೋಲೆಯಲ್ಲೂ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಕಾನೂನು ಮುರಿದಾಯಿತು. ಅಲ್ಲಿಂದ ಗೋಕರ್ಣದ ಕಡೆ ಹೋದರೆ ಸಾಣಿಕಟ್ಟಾದ ಉಪ್ಪಿನ ಗದ್ದೆಗಳು ಸಿಗುತ್ತವೆ. ಅಲ್ಲಿಯ ಹರಳುಪ್ಪು ಸ್ವಲ್ಪ ಕಂದು, ಮಳೆಗಾಲದಲ್ಲಿ ಭರಣಿಯೊಳಗೇ ಬೆವರುತ್ತದೆ. ಪ್ಯಾಕೆಟ್ಟಿನ ಪುಡಿ ಉಪ್ಪು ನೋಡಿ ಬೆಳೆದ ಮಕ್ಕಳು ಇದಕ್ಕೆ ಮಣ್ಣು ಸೇರಿದೆ ಅಂತ ಮೂಗು ಮುರಿಯುತ್ತಾರೆ. ಮಿಡಿ ಉಪ್ಪಿನಕಾಯಿಗೆ ಮಾತ್ರ ಮನೆಯಲ್ಲಿ ಇದೇ ಆಗಬೇಕು.

ಈ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಭಾಗ. ದಂಡಿಗೆ ಹೊರಟವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಉಪ್ಪು ಯಾರ ಕೈಯಲ್ಲಿರುವ ವಸ್ತು, ನಡೆಯುವವರು ಯಾರು! ಕಮಲಾದೇವಿ ಹೋಗಿ ಗಾಂಧೀಜಿಯ ಹತ್ತಿರ ವಾದ ಮಾಡಿದರು. ಆಮೇಲೆ ಬೊಂಬಾಯಿಯಲ್ಲಿ ಹೆಂಗಸರು ಕೊಡ ಹೊತ್ತು ಕಡಲಿಗೇ ಇಳಿದರು. ಕಮಲಾದೇವಿಯವರು ಉಪ್ಪಿನ ಪೊಟ್ಟಣ ಹಿಡಿದು ಷೇರುಪೇಟೆಯೊಳಗೇ ನುಗ್ಗಿ ಮಾರಿದರು. ಲಕ್ಷಗಟ್ಟಲೆ ಬೆಲೆ ಕೂಗುವ ಜಾಗದಲ್ಲಿ ಒಂದು ಪೊಟ್ಟಣ ಉಪ್ಪು!

ಇಷ್ಟೆಲ್ಲ ನೆನೆಯುತ್ತಾ ಮೊನ್ನೆ ಸದ್ದಿಲ್ಲದೆ ಎದ್ದುಹೋಗಿ ಸಾರಿಗೆ ಉಪ್ಪು ಹಾಕಿ ಬಂದೆ. ನಾನು ನೀರು ತರಲು ಹೋದಾಗ ಹೆಂಡತಿಯೂ ಸುಮ್ನೆ ಹಾಕಿಬಿಟ್ಟಿದ್ದಳು. ರಾತ್ರಿ ಎಲ್ಲರೂ ಮೊಸರನ್ನ ತಿಂದೆವು.