ಮೊದಲ ದಿನ ಕೊಂಡವನು, ಸೇಲ್‌ಗೆ ಕಾದವನು

ಬಿಡುಗಡೆಯಾದ ಕೆಲವೇ ತಿಂಗಳಿಗೆ ಗೇಮ್ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಗಿರಾಕಿ ಉಳಿಯುತ್ತಾನಾ, ಓಡುತ್ತಾನಾ?

ಪರ: ತಮ್ಮ, ಬೆಳಗಾವಿ

ಮೆಸ್‌ಗೆ ತಿಂಗಳಿಗೆ 3,000 ಕೊಡುವ ಹುಡುಗ 3,999ರ ಗೇಮ್ ಕೊಳ್ಳುತ್ತಾನಾ? ಅಣ್ಣ ಕೊಂಡ. ಅವನಿಗೆ ಸಂಬಳ ಬರುತ್ತದೆ. ಅವನ ಅಕೌಂಟಿನಲ್ಲೇ ಆಡೋಣವೆಂದು ಪಾಸ್‌ವರ್ಡ್ ಕೇಳಿದರೆ ಕೊಡಲಿಲ್ಲ. ಐದು ತಿಂಗಳು ಕಾದೆ, ಸೇಲ್‌ನಲ್ಲಿ ಅದೇ ಗೇಮ್ 1,599ಕ್ಕೆ ಸಿಕ್ಕಿತು.

ಸೇಲ್ ಇಲ್ಲದಿದ್ದರೆ? ಪಿಯುಸಿಯಲ್ಲಿ ಮಾಡಿದ್ದನ್ನೇ ಮಾಡುತ್ತಿದ್ದೆ: ಪೆನ್‌ಡ್ರೈವ್‌ನಲ್ಲಿ ಕ್ರ್ಯಾಕ್ ಮಾಡಿದ ಕಳ್ಳ ಕಾಪಿ, ಜೊತೆಗೆ ವೈರಸ್ ಪುಕ್ಕಟೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2015ರಲ್ಲಿ ನಮಗೆ ರೂಪಾಯಿಯಲ್ಲಿ ಬೆಲೆ ಹಾಕಿತು. ನನ್ನಂಥವರು ಕಾಸು ಕೊಟ್ಟು ಕೊಳ್ಳೋದು ಕಲಿತದ್ದು ಆ ರೂಪಾಯಿ ರೇಟಿನಿಂದ, ಸೇಲ್‌ನಿಂದ.

ಖಡೇ ಬಜಾರಿನಲ್ಲೂ ಹಬ್ಬ ಮುಗಿದ ಮೇಲೆ ಬಟ್ಟೆ ರೇಟ್ ಇಳಿಯುತ್ತದೆ. ಮೊದಲೇ ಕೊಂಡವರು ಜಗಳಕ್ಕೆ ಹೋಗುತ್ತಾರಾ? ಹಬ್ಬದ ದಿನ ಹೊಸ ಅಂಗಿ ಹಾಕಿಕೊಂಡಿದ್ದು ಅವರೇ ಅಲ್ವಾ. ಇದೇ ಗೇಮಿನ ಎರಡನೇ ಭಾಗಕ್ಕೆ ನಾನು ಈಗಲೇ ದುಡ್ಡು ಕೂಡಿಡುತ್ತಿದ್ದೇನೆ. ಪೂರ್ತಿ ರೇಟಿಗೇ.

ವಿರೋಧ: ಅಣ್ಣ, ಬಾಗಲಕೋಟೆ

ಹೊಸ ಅಂಗಿ ಅಂತೆ! ನನಗೆ ಸಿಕ್ಕಿದ್ದು ಗುಂಡಿ ಹೊಲಿಯದ ಅಂಗಿ. ನವನಗರದ ರೂಮಿನಲ್ಲಿ ರಾತ್ರಿಯಿಡೀ ಡೌನ್‌ಲೋಡ್ ಹಾಕಿ ಮಲಗಿದ್ದೆ. ಐದನೇ ಗಂಟೆಯ ಆಟದಲ್ಲಿ, ಸೇತುವೆ ದಾಟುವಾಗ, ಕುದುರೆ ನೆಲದೊಳಗೆ ಸೊಂಟದವರೆಗೆ ಇಳಿದು ಅಲ್ಲೇ ನಿಂತಿತು. ದುಡ್ಡು ವಾಪಸ್ ಕೇಳೋಣವೆಂದರೆ ಸ್ಟೀಮ್ ನಿಯಮ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದವರಿಗೆ. ಪ್ಯಾಚ್‌ ಮೇಲೆ ಪ್ಯಾಚ್, ಅಂದರೆ ಗೇಮಿನ ತಪ್ಪು ತಿದ್ದುವ ಫೈಲ್, ಬಂದು ಕುದುರೆ ಮೇಲೆದ್ದಿತು. ಅದೇ ವಾರ ಸೇಲ್. ತಮ್ಮನಿಗೆ ಸರಿಯಾದ ಗೇಮ್, 2,400 ರೂಪಾಯಿ ಕಡಿಮೆಗೆ. ದುಡ್ಡೂ ಕೊಟ್ಟು, ಟೆಸ್ಟಿಂಗೂ ಮಾಡಿಕೊಟ್ಟವನು ನಾನು.

ಡಿಸ್ಕ್ ಕಾಲದಲ್ಲಿ ಆಡಿ ಮುಗಿಸಿ ಪಕ್ಕದ ಓಣಿಯವನಿಗೆ ಮಾರುತ್ತಿದ್ದೆವು. ಈಗ ಗೇಮ್ ಅಕೌಂಟಿಗೆ ಅಂಟಿಕೊಂಡಿದೆ, ಮಾರುವ ಹಾಗಿಲ್ಲ.

ಇನ್ನು ಬಟ್ಟೆ ಅಂಗಡಿ ಹೋಲಿಕೆ. ಅಲ್ಲಿ ಉಳಿದ ಮಾಲು ಖಾಲಿ ಮಾಡಬೇಕು, ಜಾಗ ಬೇಕು. ಡೌನ್‌ಲೋಡ್‌ಗೆ ಯಾವ ಗೋದಾಮು? ಅವಸರ ಇದ್ದವನಿಂದ ಮೊದಲು ಪೂರ್ತಿ ಕೀಳುವ ಲೆಕ್ಕ ಅದು. ನಮ್ಮ ಅವ್ವ ಹೋಗುವ ಅಂಗಡಿಯವರಾದರೂ "ಅಕ್ಕಾರ, ಇನ್ನೆರಡು ವಾರ ತಡೀರಿ, ರೇಟ್ ಇಳೀತೈತಿ" ಅನ್ನುತ್ತಾರೆ.

ಬೆಲೆ ಇಳಿಸಲೇಬಾರದು ಅಂತಲ್ಲ. 2011ರಲ್ಲಿ ನಿಂಟೆಂಡೊ ಕೈಯಲ್ಲಿ ಹಿಡಿದು ಆಡುವ ತನ್ನ ಗೇಮ್ ಯಂತ್ರ 3ಡಿಎಸ್‌ನ ಬೆಲೆಯನ್ನು ಅಮೆರಿಕದಲ್ಲಿ ಐದೇ ತಿಂಗಳಿಗೆ 250 ಡಾಲರಿನಿಂದ 170ಕ್ಕೆ ಇಳಿಸಿತು. ಮೊದಲೇ ಕೊಂಡವರಿಗೆ 20 ಹಳೇ ಗೇಮ್ ಉಚಿತವಾಗಿ ಕೊಟ್ಟಿತು. ಲೆಕ್ಕ ಪೂರ್ತಿ ಸರಿಹೋಗದಿದ್ದರೂ ಮುಖ ನೋಡಿ ಮಾತಾಡಿಸಿದ ಹಾಗಾಯಿತು. ಫ್ಯಾಕ್ಟೋರಿಯೊ ಅನ್ನೋ ಗೇಮ್ ಮಾಡಿದವರು ಇನ್ನೂ ಗಟ್ಟಿ: ಸೇಲ್ ಹಾಕುವುದೇ ಇಲ್ಲ ಅಂದರು, 2023ರಲ್ಲಿ 30 ಡಾಲರಿನಿಂದ 35ಕ್ಕೆ ಏರಿಸಿದರು. ಮೊದಲು ಕೊಂಡವನು ಅಲ್ಲಿ ಜಾಣ.

ಎರಡನೇ ಭಾಗದ ಮುಂಗಡ ಬುಕಿಂಗ್ ಶುರುವಾಗಿದೆ. ನಾನು ವಿಶ್‌ಲಿಸ್ಟಿಗೆ ಹಾಕಿ ಬಿಟ್ಟಿದ್ದೇನೆ. ಸೇಲ್ ಬಂದಾಗ ಮೇಲ್ ಬರುತ್ತದೆ. ತಮ್ಮ ಮೊದಲ ದಿನ ಕೊಳ್ಳಲಿ, ಪಾಸ್‌ವರ್ಡ್ ಮಾತ್ರ ಕೇಳುವುದಿಲ್ಲ.