ಆಟಕ್ಕುಂಟು ಲೆಕ್ಕಕ್ಕಿಲ್ಲ

ನಾನಿರೋದು ಆಮ್‌ಸ್ಟರ್‌ಡ್ಯಾಂನಲ್ಲಿ, ಇಲ್ಲಿ ಡಿಜಿಟಲ್ ಆರ್ಟ್ ಮಾಡೋ ಸಣ್ಣ ಸಣ್ಣ ಗುಂಪುಗಳ ಜೊತೆ ಓಡಾಡ್ತಾ ಗಮನಿಸಿದ್ದು ಏನಂದ್ರೆ, ಬೇರೆ ದೇಶದವರ ಜೊತೆ ಸೇರಿ ಕೆಲಸ ಮಾಡೋ ಆಸೆ ಎಷ್ಟೋ ಸಲ ಗ್ರ್ಯಾಂಟ್ (ಅನುದಾನ) ನಿಯಮದಿಂದಲೇ ಹುಟ್ಟುತ್ತೆ. ಯುರೋಪಿಯನ್ ಯೂನಿಯನ್ನಿನ ಕ್ರಿಯೇಟಿವ್ ಯುರೋಪ್ ಅನ್ನೋ ಕಲೆ-ಸಂಸ್ಕೃತಿ ಯೋಜನೆಯ ದುಡ್ಡು ಬೇಕಂದ್ರೆ ಸಣ್ಣ ಪ್ರಾಜೆಕ್ಟಿಗೂ ಕನಿಷ್ಠ 3 ದೇಶದ 3 ಸಂಸ್ಥೆ ಇರಬೇಕು, ಸಿಗೋದು ಹೆಚ್ಚಂದ್ರೆ 2 ಲಕ್ಷ ಯೂರೋ, ಅದೂ ಖರ್ಚಿನ 80% ಮಾತ್ರ, ಉಳಿದಿದ್ದು ನೀವೇ ಹೊಂದಿಸ್ಕೋಬೇಕು. ಡೆಡ್‌ಲೈನ್ ಹತ್ರ ಬಂತು ಅಂದ್ರೆ ಮಗಳಿಗೆ ಗಂಡು ಹುಡುಕೋರ ಥರ ಮೇಲ್ ಮೇಲೆ ಮೇಲ್, ಒಂದು ದೇಶ ಕಮ್ಮಿ ಬಿದ್ದಿದೆ ಯಾರಾದ್ರೂ ಇದ್ರೆ ಹೇಳಿ ಅಂತ. ಯೂನಿಯನ್ ಒಳಗಿಲ್ಲದ ಸರ್ಬಿಯಾ ಲೆಕ್ಕಕ್ಕುಂಟು, ಬ್ರಿಟನ್ 2021ರಿಂದ ಲೆಕ್ಕಕ್ಕಿಲ್ಲ. ಭಾರತ ಅಂತೂ ಆ 3ರಲ್ಲಿ ಬರೋದೇ ಇಲ್ಲ.

ನಮ್ಮ ದೇಶದ್ದು ಇದರ ಉಲ್ಟಾ. ಸೇರಿ ಅಂತ ಯಾರೂ ಒತ್ತಾಯ ಮಾಡಲ್ಲ, ಸೇರೋಕೆ ಹೋದ್ರೆ ಎಫ್‌ಸಿಆರ್‌ಎ ಅಡ್ಡ ಬರುತ್ತೆ, ಅಂದ್ರೆ ವಿದೇಶಿ ದೇಣಿಗೆ ಮೇಲೆ ಹಿಡಿತ ಇಡೋ ಕಾನೂನು. 2020ರ ತಿದ್ದುಪಡಿ ಆದ್ಮೇಲೆ ಹೊರಗಿಂದ ಬಂದ ದುಡ್ಡನ್ನ ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡೋ ಹಾಗಿಲ್ಲ, ಆಡಳಿತದ ಖರ್ಚಿಗೆ ಇದ್ದ 50% ಮಿತಿ 20%ಗೆ ಇಳೀತು, ಮೊದಲು ಬಂದು ಬೀಳಬೇಕಾದ ಅಕೌಂಟು ಎಸ್‌ಬಿಐನ ದೆಹಲಿ ಮುಖ್ಯ ಶಾಖೇಲೇ ಇರಬೇಕು. ನಾಲ್ಕೈದು ಜನ ಸೇರಿ ರಿಜಿಸ್ಟ್ರೇಷನ್ನೂ ಇಲ್ಲದೆ ನಡೆಸೋ ಡಿಜಿಟಲ್ ಆರ್ಟ್ ಗುಂಪು, ದೊಡ್ಡ ಸಂಸ್ಥೆಯ ನೆರಳಲ್ಲಾದ್ರೂ ಬದುಕ್ಕೊಳೋಣ ಅಂದ್ರೆ ಆ ದಾರೀನೂ ಬಂದ್. ಮೋಸ ತಡೀಬೇಕು ನಿಜ, ಆದ್ರೆ ಜರಡಿ ಇಷ್ಟು ಸಣ್ಣ ಆದ್ರೆ ಕಾಳೂ ಕೆಳಗಿಳಿಯಲ್ಲ.

ಹಿಂದೆ ಹಿಂಗಿರಲಿಲ್ಲ. 2000ದಲ್ಲಿ ದೆಹಲೀಲಿ ಶುರುವಾದ ಸರಾಯ್ ಅನ್ನೋ ಮೀಡಿಯಾ ಸಂಶೋಧನೆ ಕೇಂದ್ರ, ಇಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಕಲೆ, ತಂತ್ರಜ್ಞಾನ ಸೇರಿಸಿ ಕೆಲಸ ಮಾಡೋ ವಾಗ್ ಸಂಸ್ಥೆ ಜೊತೆ ಸೇರಿ ಕೆಲಸ ಮಾಡ್ತು (ವಾಗ್ ಇರೋದು ಹಳೇ ಊರಬಾಗಿಲ ಕಟ್ಟಡದಲ್ಲಿ, ಗಡಿ ದಾಟೋ ಕೆಲಸಕ್ಕೆ ಇದಕ್ಕಿಂತ ಒಳ್ಳೆ ವಿಳಾಸ ಸಿಗಲ್ಲ ಬಿಡಿ).

ಹಾಗಂತ ಯುರೋಪಲ್ಲಿ ಎಲ್ಲ ಸರಿ ಅಂತಾನೂ ಅಲ್ಲ. ಎರಡು ಮೂರು ವರ್ಷದ ಪ್ರಾಜೆಕ್ಟ್ ಮುಗೀತು, ಪ್ರದರ್ಶನ ಆಯ್ತು, ರಿಪೋರ್ಟ್ ಕಳಿಸಿದ್ರು, ಆಮೇಲೆ ವೆಬ್‌ಸೈಟ್ ನೋಡ್ಕೊಳೋರು ಯಾರೂ ಇಲ್ಲ, ಪಾರ್ಟ್ನರುಗಳು ಮುಂದಿನ ಸಲ ಗ್ರ್ಯಾಂಟಿಗೆ ಅರ್ಜಿ ಕರೆಯೋವರೆಗೂ ಮಾತಾಡಲ್ಲ. ಅದಕ್ಕೇ ನಂಗೆ ಆಸ್ಟ್ರಿಯಾದ ಲಿಂಜ್‌ನಲ್ಲಿರೋ ಸರ್ವಸ್ ಅನ್ನೋ ಸಂಸ್ಥೆ ಇಷ್ಟ, ಆರ್ಸ್ ಎಲೆಕ್ಟ್ರಾನಿಕಾ ಅನ್ನೋ ಭಾರೀ ಡಿಜಿಟಲ್ ಆರ್ಟ್ ಹಬ್ಬ ನಡೆಯೋ ಊರಲ್ಲೇ ಇದ್ಕೊಂಡು ಕಲಾವಿದರಿಗೆ ಅಂತ ಸ್ವಂತ ಸರ್ವರ್ ನಡೆಸ್ಕೊಂಡು ಬಂದಿದಾರೆ. ಗ್ರ್ಯಾಂಟ್ ಕೊಡೋರು ಇಂಥ ಸರ್ವರಿಗೆ, ಅದನ್ನ ನೋಡ್ಕೊಳೋರ ಸಂಬಳಕ್ಕೆ ಒಂದು ಹತ್ತು ವರ್ಷಕ್ಕಾಗೋಷ್ಟು ಕೊಡಲಿ, 3 ದೇಶ ಬೇಕಾದ್ರೆ ಆಮೇಲೆ ಎಣಿಸ್ಕೊಳ್ಳಿ.