ದನಿ ಯಾಕೆ ಹಾಗಿದೆ?

ಕರ್ನಾಟಕ ಬಿಟ್ಟು ಬಂದ ಹೊಸದು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು, "ನಾಳೆ ಮಧ್ಯಾಹ್ನ ನಾನಿರಲ್ಲ, ಆಪ್ತಸಮಾಲೋಚಕರನ್ನು ನೋಡಬೇಕು" ಅಂದರು. ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋಗ್ತೀನಿ ಅನ್ನುವಷ್ಟು ಸಲೀಸಾಗಿ. ಕೇಳಿದವರು ಸರಿ ಅಂದು ಸುಮ್ಮನಾದರು. ನಾನು ಮಾತ್ರ ಬೆಚ್ಚಿದ್ದೆ.

ನಾನು ಬೆಳೆದದ್ದು "ತಲೆ ಕೆಡಿಸ್ಕೋಬೇಡ, ಎಲ್ಲ ಸರಿಹೋಗುತ್ತೆ" ಅನ್ನುವ ಮಾತು ಕೇಳುತ್ತಾ. ಅದರಲ್ಲಿ ಪ್ರೀತಿ ಇದೆ, ನಿಜ. ಆದರೆ ಅದನ್ನು ಕೇಳಿದ ಮೇಲೆ ಮುಂದಿನ ಮಾತು ಗಂಟಲಲ್ಲೇ ನಿಲ್ಲುತ್ತದೆ ಅಲ್ವಾ?

ನನಗೂ ಒಮ್ಮೆ ತಿಂಗಳುಗಟ್ಟಲೆ ನಿದ್ದೆ ಕೆಟ್ಟಿತ್ತು. ಇಲ್ಲಿ ಯಾರೂ ಕೇಳಲಿಲ್ಲ. ಅದು ಕಲ್ಲುಮನಸ್ಸಲ್ಲ. ನಾವಾಗಿ ಹೇಳುವವರೆಗೆ ಕೆದಕಬಾರದು ಅನ್ನುವುದು ಇಲ್ಲಿನವರ ಮರ್ಯಾದೆ. ಫೋನಿನಲ್ಲಿ ಅಮ್ಮನಿಗೆ "ಚೆನ್ನಾಗಿದ್ದೀನಮ್ಮ" ಅಂದೆ. "ದನಿ ಯಾಕೆ ಹಾಗಿದೆ?" ಅಂದರು. ಅಷ್ಟಕ್ಕೇ ಅಳು ಬಂತು. ಆಮೇಲೆ ಆಪ್ತಸಮಾಲೋಚಕರ ಹತ್ತಿರ ಹೋಗುವ ಧೈರ್ಯ ಬಂದದ್ದು ಆ ಸಹೋದ್ಯೋಗಿಯ ಮಾತು ನೆನಪಿದ್ದುದರಿಂದ. ಹೇಳಿಕೊಳ್ಳುವುದನ್ನು ಇಲ್ಲಿ ಕಲಿತೆ. ಗಮನಿಸಿ ಕೇಳುವುದನ್ನು ಅಮ್ಮನಿಂದ ಕಲಿಯಬೇಕು. ನನಗೆ ಎರಡೂ ಬೇಕು.

ಇಲ್ಲಿನ ಒಂದು ರೀತಿ ಮಾತ್ರ ನನಗೆ ಒಗ್ಗಲಿಲ್ಲ. ಎಲ್ಲಕ್ಕೂ ಲೆಕ್ಕ. ಎಷ್ಟು ಹೆಜ್ಜೆ, ಎಷ್ಟು ನಿದ್ದೆ, ಬಿಡದೆ ಎಷ್ಟು ದಿನ. ಒಂದು ದಿನ ತಪ್ಪಿದರೆ ಸೊನ್ನೆಯಿಂದ ಶುರು. ಬೇಸತ್ತು ಬಿಟ್ಟವರನ್ನು ಬಹಳ ನೋಡಿದ್ದೇನೆ. 21 ದಿನದಲ್ಲಿ ಅಭ್ಯಾಸ ಕೂರುತ್ತದೆ ಅನ್ನುವ ನಂಬಿಕೆಯೂ ಅವರನ್ನು ಸೋಲಿಸುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೊಸ ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕು ಎಂದು ಅದರಲ್ಲಿ ಕಂಡುಬಂತು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಅನ್ನುವುದು ಅವರ ಲೆಕ್ಕ. ನನಗೆ ಸಮಾಧಾನ ಕೊಟ್ಟದ್ದು ಇನ್ನೊಂದು ವಿಷಯ: ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲವಂತೆ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ 5 ದಿನ ನಡೆದರೆ ಆಯಿತು. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ದಿನಾ ಒಂದೇ ಹೊತ್ತಿಗೆ ಏಳುವುದರಿಂದಲೂ ನನಗೆ ಜಾಸ್ತಿ ಉಪಯೋಗವಾಯಿತು. ಆದರೆ 2 ವಾರ ಕಳೆದರೂ ಬೇಜಾರು ಬಿಡದೆ, ಇಷ್ಟದ ಕೆಲಸವೂ ಬೇಡ ಅನಿಸಿದರೆ ಬರೀ ನಡಿಗೆಯನ್ನೇ ನಂಬಿ ಕೂರಬೇಡಿ, ಡಾಕ್ಟರನ್ನು ನೋಡಿ.

ಈಗ ಬೆಳಗಿನ ನಡಿಗೆಗೆ ಆ ಸಹೋದ್ಯೋಗಿಯೂ ಬರುತ್ತಾರೆ. ಮೊನ್ನೆ ಅವರ ದನಿ ಕುಗ್ಗಿತ್ತು. ಕೆದಕಬಾರದು ಅನ್ನುವ ಇಲ್ಲಿನ ರೂಢಿಯನ್ನು ಪಕ್ಕಕ್ಕಿಟ್ಟು, ಯಾಕೆ ಅಂತ ಕೇಳಿದೆ. ಅವರು ಹೇಳಿ ಮುಗಿಸುವ ಹೊತ್ತಿಗೆ ನಾವು ಇನ್ನೊಂದು ಸುತ್ತು ನಡೆದಿದ್ದೆವು.